ಸಹಿ ಹಾಕಿದೋರೇ ಹತ್ತಬೇಕು

…ಅವತ್ತು ಕೊತ್ತಗೆರೆ ಸ್ಕೂಲಲ್ಲಿ ನಾಲ್ಕನೇ ಕ್ಲಾಸಿಗೆ ಉಕ್ತಲೇಖನ ಕೊಡ್ತಿದ್ದೆ ಕಣೆ ಚಿನ್ನಿ, ಹನ್ನೊಂದು ಪದ ಆಗಿತ್ತು, ಅಲ್ಲ, ಹನ್ನೆರಡು, ಹೆಡ್ಮಾಷ್ಟ್ರು ಬಂದು ಬಾಗಿಲಲ್ಲೇ ನಿಂತ್ಕೊಂಡ್ರು. ಒಳಗೆ ಬರ್ಲಿಲ್ಲ. "ಮೇಡಂ, ಸ್ವಲ್ಪ ಈಚೆ ಬನ್ನಿ" ಅಂದ್ರು. ನಿಮ್ಮ ತಾತ ಕೂತಿದ್ದ ಹೆಲಿಕಾಪ್ಟರ್ ಬಿದ್ದೋಗಿತ್ತು. ನಿಮ್ಮಮ್ಮನಿಗೆ ಆಗ ಎರಡು ವರ್ಷ.

ಪೈಲಟ್ ಅಲ್ಲ ಕಣೆ, ಎಷ್ಟು ಸಲ ಹೇಳ್ಲಿ, ಮೆಕ್ಯಾನಿಕ್ಕು. ಕಮಾಂಡೋಗಳನ್ನ ಕಾಡಿಗೋ ಬೆಟ್ಟಕ್ಕೋ ಇಳಿಸಿ, ಕೆಲಸ ಮುಗಿದ ಮೇಲೆ ಹೋಗಿ ಕರ್ಕೊಂಡು ಬರೋ ಸ್ಕ್ವಾಡ್ರನ್ ಅದು. ಅಲ್ಲೊಂದು ಪದ್ಧತಿ. ರಿಪೇರಿ ಮಾಡಿ ರಿಜಿಸ್ಟರಿಗೆ ಸಹಿ ಹಾಕಿದ ಮೆಕ್ಯಾನಿಕ್ಕೇ ಮೊದಲ ಟ್ರಯಲ್ಲಿಗೆ ಹತ್ತಬೇಕು. "ಹತ್ತೋರು ನಾವೇ ಅಂತ ಗೊತ್ತಿದ್ರೆ ನಟ್ಟು ತಾನಾಗೇ ಬಿಗಿಯಾಗುತ್ತೆ" ಅಂತ ನಿಮ್ಮ ತಾತ ನಗೋರು. ಅವತ್ತು ಸಹಿ ಹಾಕಿದ್ದು ರೆಹಮಾನ್, ನಮ್ಮ ತುಮಕೂರಿನವರೇ. ರಂಜಾನ್ ರೋಜಾ ಹಿಡಿದಿದ್ರು, ಬಿಸಿಲು ಬೇರೆ. "ನೀನು ನೆರಳಲ್ಲಿ ಕೂತ್ಕೊಳ್ಳೋ, ನಾನು ಹೋಗ್ಬರ್ತೀನಿ" ಅಂತ ಇವರು ಹತ್ತಿದ್ರು. ರೆಹಮಾನೇ ಕುಣಿಗಲ್ ಮನೆಗೆ ಬಂದು, ತಲೆ ತಗ್ಗಿಸ್ಕೊಂಡು, ಹೇಳಿದ್ದು ಇದು. ಇಬ್ಬರು ಪೈಲಟ್ಟು, ಇವರು. ಮೂರು ಜನ.

ಈಗ ನೋಡು, ಇಷ್ಟು ವರ್ಷ ಆದ್ಮೇಲೆ ಸ್ಕ್ವಾಡ್ರನ್ ಇತಿಹಾಸ ಅಂತ ದಪ್ಪ ಪುಸ್ತಕ ಮಾಡವ್ರೆ. ರೆಹಮಾನ್ ಫೋನ್ ಮಾಡಿದ್ರು. "ಅಕ್ಕಾ, ನನ್ನನ್ನ ಸಾಯಿಸ್ಬಿಟ್ಟವ್ರೆ." ತೆಗೆದು ನೋಡಿದ್ರೆ ನಿಜ. ಸತ್ತವರು ಮೂವರು, ಮೂರನೇ ಹೆಸರು ರೆಹಮಾನ್. ಬರೆದೋರು ರಿಜಿಸ್ಟರ್ ನೋಡವ್ರೆ, ಸಹಿ ಹಾಕಿದ್ದಾನೆ ಅಂದ್ಮೇಲೆ ಹತ್ತಿರಲೇಬೇಕು ಅಂತ ಬರ್ಕೊಂಡವ್ರೆ. ನಿಮ್ಮ ತಾತನ ಹೆಸರು ಇಡೀ ಪುಸ್ತಕದಲ್ಲಿ ಎಲ್ಲೂ ಇಲ್ಲ. ಪ್ರತಿ ತಿಂಗಳು ನನಗೆ ಪೆನ್ಷನ್ ಬರುತ್ತೆ, ಯಾಕೆ ಬರುತ್ತೆ ಅಂತ ಅವರದೇ ಆಫೀಸಿನ ಪಕ್ಕದ ಟೇಬಲ್ಲಿಗೆ ಗೊತ್ತಿಲ್ಲ.

ರೆಹಮಾನ್ ಮನೆಗೆ ಬಂದಿದ್ದಾಗ ಪುಸ್ತಕ ಮಾಡಿದ ಆಫೀಸಿಗೆ ಫೋನ್ ಮಾಡ್ದೆ. "ಮೇಡಂ, ರೆಕಾರ್ಡಲ್ಲಿ ಹಂಗೇ ಇದೆ" ಅಂದ ಫೋನ್ ಎತ್ತಿದ ಹುಡುಗ. "ನೀವು ಸತ್ತೋರು ಅಂತ ಬರೆದಿರೋರು ಇಲ್ಲೇ ಕೂತು ಕಾಫಿ ಕುಡೀತಾವ್ರೆ, ಮಾತಾಡ್ತೀರಾ?" ಅಂದೆ. ರೆಹಮಾನ್ ಫೋನ್ ಈಸ್ಕೊಂಡು, "ಸರ್, ಸತ್ತೋನೇ ಮಾತಾಡ್ತಿರೋದು" ಅಂದ್ರು. "ಬದುಕಿರೋದಕ್ಕೆ ಪ್ರೂಫ್ ಕಳಿಸಿ ಸರ್." "ವರ್ಷಾ ವರ್ಷಾ ಬ್ಯಾಂಕಿಗೆ ಕೊಡ್ತೀನಲ್ಲಪ್ಪಾ." "ಅದು ಬ್ಯಾಂಕಿಗೆ ಸರ್." ಫೋನ್ ಇಟ್ಟು ಕಾಫಿ ಲೋಟ ಪಕ್ಕಕ್ಕೆ ಸರಿಸಿದ್ರು. ಆಮೇಲೆ, "ಅಕ್ಕಾ, ಅವನ ಜಾಗದಲ್ಲಿ ನನ್ನ ಹೆಸರು ನೋಡಿದಾಗಿಂದ ಊಟ ಸೇರ್ತಿಲ್ಲ" ಅಂದ್ರು.

ಆರು ಕಾಗದ ಬರೆದೆ ಕಣೆ. ನಾನು ಮೇಷ್ಟ್ರು, ಸುತ್ತಿ ಬಳಸಿ ಬರೆಯಲ್ಲ. ಎರಡೇ ಸಾಲು. ಆ ಹೆಸರು ತೆಗೀರಿ. ಈ ಹೆಸರು ಹಾಕಿ. ಮೊದಲನೇ ಕಾಗದದಲ್ಲೂ ಅಷ್ಟೇ, ಆರನೇದರಲ್ಲೂ ಅಷ್ಟೇ.

ಅದಕ್ಕೇ ಹೇಳೋದು, ಇನ್ನೊಬ್ಬರ ಬದಲಿಗೆ ಹೋಗ್ಬೇಕು ಅನ್ಸಿದ್ರೆ ಹೋಗು, ಬೇಡ ಅನ್ನಲ್ಲ. ಒಂದು ಚೀಟೀಲಿ ಬರೆದಿಟ್ಟು ಹೋಗು.

ನೆನ್ನೆ ತಿದ್ದುಪಡಿ ಬಂತು. ಒಂದೇ ಸಾಲು. ಮೃತರು ಮೂವರು ಎಂಬುದನ್ನು ಇಬ್ಬರು ಎಂದು ಓದಿಕೊಳ್ಳತಕ್ಕದ್ದು.