ಐದು ಗಂಟೆಯ ಚೀಟಿ

...ಅಯ್ಯೋ, ನೀರಿನ ಬಾಟಲಿ ಅಷ್ಟು ಮೇಲೆ ಇಡಬೇಡ ಕಣೇ! ಭಾರ ಇರೋದೆಲ್ಲ ಬೆನ್ನಿಗೆ ಒತ್ತಿಕೊಂಡಿರಬೇಕು. ಹಾಂ, ಹಾಗೆ. ಎರಡೂ ಇಡು. ಯಾಕೆ ಮುಖ ಸೊಟ್ಟ ಮಾಡ್ತೀಯ? ಒಂದೇ ಸಾಕಂತೆ! ಮಧ್ಯಾಹ್ನ ಬಂಡೆ ಕಾದ ಮೇಲೆ ಗೊತ್ತಾಗುತ್ತೆ ಬಿಡು.

ನಗು, ನಗು. ಒಂದು ದಿನವೂ ಬೆಟ್ಟ ಹತ್ತದವಳು ಪಾಠ ಹೇಳ್ತಾಳೆ ಅಂತ ತಾನೇ? ಹತ್ತಿಲ್ಲಮ್ಮ, ಒಪ್ಕೊಂಡೆ. ಆದ್ರೆ ಇಪ್ಪತ್ತೆರಡು ವರ್ಷ ನಿಮ್ಮಪ್ಪನಿಗೆ ಚೀಲ ತುಂಬಿ ಕೊಟ್ಟಿದ್ದು ಯಾರು? ಹೊಲಿಗೆ ಮೆಷಿನ್ನಿಂದ ಎದ್ದು ಬಂದು, ಬಾಯಲ್ಲಿ ಗುಂಡುಸೂಜಿ ಕಚ್ಕೊಂಡೇ ತುಂಬ್ತಿದ್ದೆ. ಈ ಪಟ್ಟಿ ನೋಡು, ಎಷ್ಟು ಸಲ ಬಿಚ್ಚಿ ಹೊಲಿದಿದೀನೋ! ಇದರಲ್ಲಿ ಬಟ್ಟೆಗಿಂತ ನನ್ನ ದಾರಾನೇ ಜಾಸ್ತಿ.

ಹೊಸ ಚೀಲ ತಗೋ ಅಂದೆ. ಕೇಳಿದ್ಯಾ? ಆರು ವರ್ಷ ಅಟ್ಟದ ಮೇಲಿದ್ದದ್ದನ್ನ ಇಳಿಸಿ ತಂದುಬಿಟ್ಟೆ. ಅಪ್ಪನದೇ ಬೇಕು, ಅಪ್ಪ ಹತ್ತಿದ ಬೆಟ್ಟಾನೇ ಬೇಕು... ಇಲ್ಲ, ಬೇಡ ಅನ್ನಲ್ಲ. ಗೆಳತಿಯರು ಇಬ್ಬರು ಇದಾರೆ, ಹಗಲಲ್ಲೇ ಹೋಗಿ ಹಗಲಲ್ಲೇ ಬರ್ತೀರ. ಬೇಡ ಅನ್ನೋಕೆ ನಾನ್ಯಾರು?

ಟಾರ್ಚ್ ಎಲ್ಲಿ? ಹಗಲಾದ್ರೂ ಇರಲಿ. ಮಳೆ ಅಂಗಿ? ಸೀಟಿ? ಸೀಟಿ ಕತ್ತಿಗೆ ಹಾಕ್ಕೊಳ್ಳೇ, ಚೀಲದ ತಳಕ್ಕೆ ಹಾಕಿದ್ರೆ ಬಿದ್ದಾಗ ಯಾರು ತೆಗೆದುಕೊಡ್ತಾರೆ? ಬೆಳಿಗ್ಗೆ ಆರೂವರೆ ಬಸ್ಸು, ನೆನಪಿರಲಿ. ನಮ್ಮ ಗಡಿಯಾರ ನೋಡಿ ಹೊರಡು. ಪಕ್ಕದ ಮನೆ ಮೇಷ್ಟ್ರ ಗಡಿಯಾರ ನಂಬಿದ್ರೆ ಬಸ್ಸಿನ ಹೊಗೆ ನೋಡ್ಕೊಂಡು ನಿಲ್ಲಬೇಕು ಅಷ್ಟೇ. ಇಡೀ ಬೀದಿಗೆ ಗೊತ್ತು, ಅವರಿಗೊಬ್ಬರಿಗೇ ಗೊತ್ತಿಲ್ಲ.

ಆಮೇಲೆ, ಚೀಟಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು, ಬರದಿದ್ರೆ ಬೆಟ್ಟದ ಕೆಳಗಿನ ಅರಣ್ಯ ಕಾವಲು ಕಚೇರಿಗೆ ಫೋನ್. ಎಲ್ಲ ಬರೆದು ನನ್ನ ಕೈಲಿ ಕೊಟ್ಟು ಹೋಗು. ನಿಮ್ಮಪ್ಪ ಪ್ರತಿ ಸಲ ಬರೆದಿಟ್ಟು ಹೋಗ್ತಿದ್ರು. ಅವತ್ತೊಂದು ದಿನ ಅವಸರದಲ್ಲಿ ಮರೆತರಲ್ಲ... ಅದಕ್ಕೇ ತಾನೇ...

ಆ ಒಳಜೇಬು ಬೇಡ, ಬಿಡು. ಹರಿದಿತ್ತು, ಹೊಲಿದು ಮುಚ್ಚಿಬಿಟ್ಟೆ. ಹೊರಗಡೆ ಬೇಕಾದಷ್ಟು ಜೇಬಿದೆ.

ಬಿಡೇ ಅಂದ್ರೆ! ಏನು ಹಾಗೆ ಅಮುಕಿ ಅಮುಕಿ ನೋಡ್ತೀಯ? ಸದ್ದು ಬರುತ್ತೆ ಅಂದ್ರೆ... ಒಳಗೆ ಗಟ್ಟಿ ಬಟ್ಟೆ ಕೊಟ್ಟಿದೀನಿ, ಅದರ ಸದ್ದು. ಕತ್ತರಿ ಇಡು ಕೆಳಗೆ. ಇಡು ಅಂದೆ! ನನ್ನ ಹೊಲಿಗೆ ಬಿಚ್ಚಬೇಡ, ನಿನ್ನ ಕಾಲಿಗೆ ಬೀಳ್ತೀನಿ...

...

ಓದಿದ್ಯಾ.

ಅವರದೇ ಅಕ್ಷರ. ಹೌದು. ಅವತ್ತಿನ ತಾರೀಖೇ. ಸಂಜೆ ಐದಕ್ಕೆ ವಾಪಸ್ಸು, ಬರದಿದ್ರೆ ಫೋನ್ ಮಾಡು ಅಂತ... ನನ್ನ ಕೈಗೇ ಕೊಟ್ಟು ಹೋಗಿದ್ರು.

ಹಾಗೆ ನೋಡಬೇಡ ಕಣೇ. ಕೇಳು. ಅದಕ್ಕೂ ಮುಂಚೆ ಎರಡು ಸಲ ಐದು ಹೊಡೆದ ತಕ್ಷಣ ಫೋನ್ ಮಾಡಿದ್ದೆ. ಎರಡು ಸಲವೂ ಅವರು ಕೆಳಗಿನ ಅಂಗಡೀಲಿ ಟೀ ಕುಡೀತಾ ಹರಟೆ ಹೊಡೀತಾ ಕೂತಿದ್ರು. ಕಾವಲಿನವರೆಲ್ಲ ನಕ್ಕರಂತೆ, ಅಮ್ಮಾವ್ರು ಕರೀತಿದಾರೆ, ಓಡಿ ಸಾರ್ ಅಂತ. ಮನೆಗೆ ಬಂದು ಹರಿಹಾಯ್ದರು ನನ್ನ ಮೇಲೆ. ಹತ್ತು ಜನರ ಮುಂದೆ ನನ್ನ ಮಾನ ಕಳೆದೆ ಅಂದ್ರು.

ನನಗೂ ರೋಷ ಇತ್ತು. ಮೂರನೇ ಸಲ ಐದಾಯ್ತು. ಎಲ್ಲೋ ಕೂತಿರ್ತಾರೆ, ಬರಲಿ, ನಾನು ಮಾತ್ರ ಫೋನ್ ಮಾಡಲ್ಲ ಅಂದ್ಕೊಂಡೆ. ಯಾರದೋ ಕೋಟಿಗೆ ಗುಂಡಿ ಹಾಕೋದಿತ್ತು. ಕೂತೆ. ಏಳು ಗುಂಡಿ. ಏಳೂ ಹಾಕಿದೆ. ಕಾಜಾ ಕೂಡ ಹೊಲಿದೆ. ಆರಾಯ್ತು, ಏಳಾಯ್ತು... ಎಂಟಕ್ಕೆ ಫೋನ್ ಮಾಡಿದೆ. ಅಷ್ಟು ಹೊತ್ತಿಗೆ ಬೆಟ್ಟದ ತುಂಬ ಮಂಜು. ಕಾಲು ಮುರ್ಕೊಂಡು ಬಿದ್ದಿದ್ದವರು ಬೆಳಗಾದ ಮೇಲೆ ಸಿಕ್ಕರು, ಉಸಿರಿರಲಿಲ್ಲ. ಬೆಳಕಿರುವಾಗ ಗೊತ್ತಾಗಿದ್ರೆ ಅಂದ ಕಾವಲಿನವ. ಚೀಟಿ ಬಿಟ್ಟಿರಲಿಲ್ವಾ ಅಂತ ಕೇಳಿದ. ಇಲ್ಲ ಅಂದುಬಿಟ್ಟೆ. ಬಾಯಿಗೆ ಬಂತು, ಅಂದುಬಿಟ್ಟೆ.

ಒಂದು ಚೀಟಿ ಬರೆಯೋಕೆ ಆಗಲಿಲ್ವಾ ಅಪ್ಪನಿಗೆ ಅಂತ ನೀನು ಅತ್ತೆ, ಬೈದೆ, ಅವರ ಫೋಟೋ ತಿರುಗಿಸಿಟ್ಟೆ. ನಾನು ಪಕ್ಕದಲ್ಲಿ ನಿಂತು ತಲೆ ಆಡಿಸ್ತಿದ್ದೆ. ಈ ಚೀಟಿ ಸುಡೋಣ ಅಂತ ಎಷ್ಟು ಸಲ ಒಲೆ ಹತ್ತಿರ ಹೋದೆ! ಕೈ ಬರಲಿಲ್ಲ ಕಣೇ. ಅವರು ಬರೆದದ್ದು ಅದೇ ಕೊನೆ. ಹೊಲಿಯೋದೊಂದೇ ನನಗೆ ಗೊತ್ತಿರೋದು. ಹೊಲಿದುಬಿಟ್ಟೆ.

ಏನಾದ್ರೂ ಅನ್ನು. ಬೈಯಿ. ಹೊಡಿ ಬೇಕಾದ್ರೆ...

ಏನು ಬರೀತಿದೀಯ? ನಾಳೆಯ ಚೀಟಿನಾ? ಹೋಗೇ ಹೋಗ್ತೀಯಾ? ಹೋಗು, ಹೋಗು. ಇಲ್ಲಿ ಕೊಡು, ಈ ಸಲ ನಾನು...

ಎಲ್ಲಿಗೆ ಹೊರಟೆ? ಚಪ್ಪಲಿ ಯಾಕೆ ಹಾಕ್ಕೊಂಡೆ?

...ಮೇಷ್ಟ್ರ ಮನೆಗಾ?

ಸರಿ. ಸರಿ ಕಣೇ. ಅವರಿಗೇ ಕೊಡು.

ಅವರ ಗಡಿಯಾರ ಹತ್ತು ನಿಮಿಷ ಹಿಂದಿದೆ ಅಂತ ಮಾತ್ರ ಹೇಳಿ ಬಾ.