ಟೀವಿ ಬಾಜೂಕಿನ ಕೈಗಳು

ಹಳ್ಳಿಯ ಶಾಲೆಗಳಿಗೆ ಸರ್ಕಾರದ ಟೀವಿ ಬಂದ ಹೊಸತು; ರಾತ್ರಿ ಊರೆಲ್ಲ ಅಲ್ಲೇ ಸೇರಿ ನೋಡುತ್ತಿತ್ತು. ಮಸ್ಕಿಯಲ್ಲಿ ಸಿಂಧನೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅಕ್ಕ ತಂಗಿ, ಅಕ್ಕನ ಗಂಡನ ಬಗ್ಗೆ ಮಾತಾಡುತ್ತಿದ್ದರು. ಕಿವಿ ಕೊಡಬಾರದಿತ್ತು, ಕೊಟ್ಟೆ.

“ಗ್ಯಾನಕ್ಕ, ಮಾವಗ ಕಿವಿ ಕೇಳೂದಿಲ್ಲಂತ ಟೀವಿ ಬಾಜೂಕ ನಿಂತು ಎಲ್ಲಾ ಕೈಲೆ ಹೇಳತಿದ್ದಿ. ಈಗ ಬಿಟ್ಟೀಯಂತ?”

“ಮಂದಿ ಗದ್ದಲ ಹಾಕಿದ್ರವ್ವ. ಚಿತ್ರ ನೋಡಬೇಕೋ, ಈಕಿ ಕೈ ನೋಡಬೇಕೋ ಅಂದ್ರು. ಗೌಡ್ರು ಎದ್ದು, ಈಕಿ ಇರಲಿ ಅನ್ನಾವ್ರು ಕೈ ಎತ್ತರಿ ಅಂದ್ರು.”

“ಯಾರು ಎತ್ತಿದ್ರು?”

“ಯಾರೂ ಇಲ್ಲ.”

“ಮಾವ?”

“ಗೌಡ್ರು ಕೇಳಿದ್ದು ನಿಮ್ಮ ಮಾವಗ ಹೆಂಗ ಗೊತ್ತಾಗಬೇಕು?”

“ನೀ ಹೇಳಬೇಕಿತ್ತಲ್ಲ!”

“ಅಷ್ಟು ಮಂದಿ ಬೈದಮ್ಯಾಲ ಕೈ ಸೆರಗಿನಾಗ ಇಟ್ಕೊಂಡಿದ್ನಿ.”

“ಹಿಂದ ಕೂತಾದ್ರೂ ಹೇಳು.”

“ಹಿಂದ ಕತ್ತಲ, ಕೈ ಕಾಣೂದಿಲ್ಲ. ಕಂದೀಲು ಹಚ್ಚಿದ್ರ ಚಿತ್ರ ಮಂಕಾಗತೈತಂತ.”

“ಮತ್ತ ಮಾವ ಹೋಗೂದು ಬಿಟ್ಟಾನೇನು?”

“ದಿನಾ ಹೋಗತಾನ. ಮಂದಿ ನಕ್ಕಮ್ಯಾಲ ತಾನೂ ನಗತಾನ.”

“ಮನ್ಯಾಗ ಕೂಡಿಸಿಕೊಂಡು ಹೇಳು.”

“ಅವತ್ತು ಮಂದ್ಯಾಗ ಕೈ ಮುಚ್ಚಿಟ್ಟಿದ್ಕ, ಈಗ ನಾ ಕೈ ಎತ್ತಿದ್ರ ಸಾಕು, ಕಣ್ಣು ಮುಚ್ಚತಾನ.”

ಬಸ್ಸು ಬಂತು. ತಂಗಿ ಚೀಲ ಎತ್ತಿಕೊಂಡು ಮುಂದೆ ನಡೆದಳು. ಗ್ಯಾನಕ್ಕ ಸೆರಗು ಹೊದ್ದು ಹಿಂದೆ ಹತ್ತಿದಳು.