ಗೋಡೆಗೆ ಬಾಯಿ

ಬಣ್ಣದ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು.

“ರೀ, ಬಿಳಿ ಬೇಡ. ಬಿಳಿ ಬಳಿದ್ರೆ ರೂಮು ದೊಡ್ಡದಾಗಿ ಕಾಣತ್ತೆ. ಗಂಡನ್ನ ಬಿಟ್ಟು ಬಂದಿರೋ ನಿಮ್ಮಕ್ಕ ಅಲ್ಲೇ ಬೇರು ಬಿಡ್ತಾರೆ.”

“ಕಡು ಕಂದು?”

“ಹೂಂ. ಮೇಲಕ್ಕೂ ಅದನ್ನೇ ಬಳಿದ್ರೆ ಸೂರು ತಲೆ ಮೇಲೆ ಕೂತ ಹಾಗಿರತ್ತೆ.”

“ಉಸಿರು ಕಟ್ಟತ್ತೆ ಕಣೇ.”

“ಕಟ್ಟಲಿ. ಹೋಗಿ ಅಂತ ನಾವು ಅನ್ನಬಾರದು. ಗೋಡೆಗೆ ಕಿವಿ ಇದೆ ಅಂತಾರಲ್ಲ, ಬಾಯೂ ಬರಲಿ.”

ಗಂಡ ನಕ್ಕ. “ಬಳಿಯೋಕೆ ಯಾರನ್ನ ಕರೆಯೋದು?”

“ಯಾರೂ ಬೇಡ. ‘ನಿನ್ನ ರೂಮು, ನೀನೇ ಬಳಿ’ ಅನ್ನಿ. ತಮ್ಮ ನಂಗೆ ಜಾಗ ಕೊಟ್ಟ ಅಂತ ಹಾಡ್ಕೊಂಡು ಬಳೀತಾರೆ.”

ಅವರ ಸರದಿ ಬಂತು. ಗಂಡ ಬಣ್ಣದ ಡಬ್ಬಿ ಎತ್ತಿಕೊಂಡು ಅಂಗಡಿಯವನಿಗೆ ಹೇಳಿದ: “ಬ್ರಷ್ ಹಗುರವಾದ್ದು ಕೊಡಿ. ಪಾಪ, ನಮ್ಮಕ್ಕನ ಕೈ ನೋಯಬಾರದು.”

ಇಬ್ಬರೂ ಹೊರಟುಹೋದರು.